ಬಿಳಿ ಇಬ್ಬನಿಗೆ ಬಿತ್ತಿದ ಗೋಧಿ

ಗೆಂಗ್‌ಜುವಾಂಗ್ ಊರಿನಲ್ಲಿ ದೇವರಿಗೆ ಕೈಮುಗಿಯದವರಿದ್ದರು, ಕುಲದ ಯಜಮಾನನಿಗೆ ಬಾಗದವರೂ ಇದ್ದರು. ಗೆಂಗ್ ಮಾವ್ಲಿನ್‌ನನ್ನು ಕಂಡು ನಗದವರು ಮಾತ್ರ ಒಬ್ಬರೂ ಇರಲಿಲ್ಲ. ಅದರಲ್ಲೂ ಎಂಟನೇ ತಿಂಗಳು ಬಂತೆಂದರೆ, ವರ್ಷವಿಡೀ ಅವನ ಮುಖ ನೋಡದವರೂ ಅವನ ಎತ್ತಿನ ಕೆಮ್ಮು ವಾಸಿಯಾಯಿತೇ ಎಂದು ವಿಚಾರಿಸುತ್ತಿದ್ದರು.

ಕಾರಣ ಗುಟ್ಟಿನದೇನಲ್ಲ. ಊರಿಗೆಲ್ಲ ಬೀಜ ಬಿತ್ತುವ ಕೂರಿಗೆ ಹಿಡಿಯುವವನು ಅವನೊಬ್ಬನೇ. ಮೂರು ತಾಳಿನ ಕೂರಿಗೆ, ಮುಂದೆ ಒಂದು ಎತ್ತು, ಎತ್ತಿನ ಮೂಗುದಾರ ಹಿಡಿದು ನಡೆಯುವವರೊಬ್ಬರು, ಹಿಂದೆ ಮಾವ್ಲಿನ್. ಕೂರಿಗೆಯನ್ನು ಎಡಕ್ಕೂ ಬಲಕ್ಕೂ ಅಲುಗಿಸುತ್ತ ನಡೆಯಬೇಕು. ಹೆಚ್ಚು ಅಲುಗಿಸಿದರೆ ಬೀಜ ದಟ್ಟವಾಗುತ್ತದೆ, ಕಡಿಮೆಯಾದರೆ ತೆಳುವಾಗುತ್ತದೆ. ಕೈ ಸಡಿಲವಾದರೆ ಕಾಳು ಮೇಲೆ ಬಿದ್ದು ಗುಬ್ಬಿಯ ಪಾಲು, ಬಿಗಿಯಾದರೆ ಆಳಕ್ಕಿಳಿದು ಮಣ್ಣಿನ ಪಾಲು. ಅವನಪ್ಪ ಅವನಿಗೆ ಈ ಕಸುಬು ಕಲಿಸಿದ್ದು ಮರಳಿನಿಂದ. ಕೂರಿಗೆಗೆ ಮರಳು ತುಂಬಿ, ಖಾಲಿ ಕಣದಲ್ಲಿ ಮೂರು ವರ್ಷ ನಡೆಸಿದ್ದ. ಮರಳಿನ ಗೆರೆ ಎಲ್ಲಿ ದಪ್ಪವಾಯಿತೋ ಅಲ್ಲಿ ಕಿವಿಗೆ ಒಂದು ಏಟು. ಕೂರಿಗೆಯನ್ನು ಕಣ್ಣಿನಿಂದಲ್ಲ, ಬೀಜ ಮರಕ್ಕೆ ತಾಕುವ ಸದ್ದಿನಿಂದ ಹಿಡಿಯಬೇಕು ಅನ್ನುವುದು ಅಪ್ಪನ ಪಾಠ. ನಾಲ್ಕನೇ ವರ್ಷ ನಿಜವಾದ ಗೋಧಿ ಕೈಗೆ ಬರುವಷ್ಟರಲ್ಲಿ ಮಾವ್ಲಿನ್‌ನ ಎಡಗಿವಿ ಮಂದವಾಗಿತ್ತು; ಬಲಗಿವಿ ಕಾಳು ಎಣಿಸುತ್ತಿತ್ತು.

ಊರು ಬಾಗುತ್ತಿದ್ದದ್ದು ಆ ಕೈಗಲ್ಲ, ಆ ಕೈಯ ಸರದಿಗೆ. ಈ ಬಯಲಿನಲ್ಲಿ ಗೋಧಿ ಬಿತ್ತಲು ಹಗಲೂ ರಾತ್ರಿಯೂ ಸಮವಾಗುವ ದಿನದಿಂದ ಹಿಡಿದು ಹನ್ನೆರಡು ದಿನ ಮಾತ್ರ. ಆ ದಿನಗಳಲ್ಲಿ ಮಣ್ಣಿಗೆ ಬಿದ್ದ ಕಾಳು ಚಳಿ ಬರುವುದರೊಳಗೆ ಬುಡದಲ್ಲಿ ಮೂರು ನಾಲ್ಕು ಕವಲಿನ ತೆಂಡೆ ಒಡೆದು, ಬೇರು ಇಳಿಸಿ, ಹಿಮದಡಿಯಲ್ಲಿ ಮಗ್ಗುಲಾಗಿ ಮಲಗುತ್ತದೆ. ಎರಡನೇ ತಿಂಗಳಲ್ಲಿ ಎದ್ದು ಕೂರುತ್ತದೆ. ಅದಕ್ಕಿಂತ ತಡವಾದರೆ ಒಂದೇ ಒಂದು ಸೂಜಿಯಂಥ ಮೊಳಕೆ. ನೆಲ ಹೆಪ್ಪುಗಟ್ಟಿ ಉಬ್ಬಿದಾಗ ಅದರ ಬೇರು ದಾರದಂತೆ ಹರಿಯುತ್ತದೆ. ಬೇಗ ಬಿತ್ತಿದರೂ ಕಷ್ಟವೇ. ಬೆಚ್ಚಗಿನ ದಿನಗಳು ಮುಗಿಯುವುದೇ ಇಲ್ಲವೆಂದು ಪೈರು ನಂಬಿಬಿಡುತ್ತದೆ, ಎದ್ದು ನಿಂತು ಗಣ್ಣು ಹಾಕುತ್ತದೆ. ನಿಂತ ಪೈರಿನ ಕುತ್ತಿಗೆ ಚಳಿಗೆ ಸುಲಭವಾಗಿ ಸಿಗುತ್ತದೆ.

ಹನ್ನೆರಡು ದಿನ, ಮೂವತ್ತೆಂಟು ಮನೆ, ಒಂದು ಎತ್ತು. ಯಾರಾದರೂ ಕೊನೆಯಲ್ಲಿರಲೇಬೇಕು. ಮಾವ್ಲಿನ್ ಯಾರಿಗೂ ಇಲ್ಲವೆನ್ನುತ್ತಿರಲಿಲ್ಲ. "ನಿಮ್ಮದು ನೋಡೋಣ" ಅನ್ನುತ್ತಿದ್ದ. ತಕ್ಕಡಿ ಹಿಡಿದು ಬದುಕುವವರಿಗೆ ಈ ಮಾತಿನ ಬೆಲೆ ಗೊತ್ತು. ತೂಕದಲ್ಲಿ ಮೋಸ ಮಾಡುವವನು ದಡ್ಡ, ಇವತ್ತಲ್ಲ ನಾಳೆ ಸಿಕ್ಕಿಬೀಳುತ್ತಾನೆ. ಯಾವಾಗ ತೂಗಬೇಕು ಅನ್ನುವುದನ್ನು ತನ್ನ ಕೈಯಲ್ಲಿಟ್ಟುಕೊಂಡವನ ಮೇಲೆ ಯಾವ ಪಂಚಾಯಿತಿಯೂ ನಡೆಯುವುದಿಲ್ಲ.

ಮಾವ್ಲಿನ್‌ಗೆ ಒಬ್ಬ ತಮ್ಮನಿದ್ದ. ಎತ್ತಿನ ಮುಂದೆ ನಡೆಯುತ್ತಿದ್ದವನು ಅವನೇ. ಅಪ್ಪ ಸತ್ತಾಗ ಹೊಲ ಎರಡು ಪಾಲಾಗಿ, ಬಾವಿಯ ಪಕ್ಕದ ಐದು ಮು ಹೊಲ, ಅಂದರೆ ಎಕರೆಗೆ ಸ್ವಲ್ಪ ಕಡಿಮೆ, ಚೀಟಿಯಲ್ಲಿ ತಮ್ಮನಿಗೆ ಹೋಯಿತು. ಅಣ್ಣನಿಗೆ ಬಂದದ್ದು ಅದರ ಆಚೆಯ ಎಂಟು ಮು. ನೀರು ಹೊರಬೇಕೆಂದರೆ ತಮ್ಮನ ಹೊಲದ ಬದು ಬಳಸಿ ಹೋಗಬೇಕು. ಹದಿನಾರು ವರ್ಷ ಆ ಬದು ಬಳಸಿದ ಮಾವ್ಲಿನ್ ಒಂದು ದಿನವೂ ಗೊಣಗಲಿಲ್ಲ. ಹೆಜ್ಜೆ ಮಾತ್ರ ಎಣಿಸುತ್ತಿದ್ದ. ಇನ್ನೂರ ಹತ್ತು.

ಅಣ್ಣ ಹೆಂಡತಿಯನ್ನು ಪಕ್ಕದ ಊರಿನಿಂದ ತಂದರೆ, ತಮ್ಮ ತಂದದ್ದು ಪಶ್ಚಿಮದ ಗುಡ್ಡಗಳಿಂದ. ಹೆಸರು ಚಿಂಗ್ಲಾನ್. ಗುಡ್ಡದ ಬಡವರ ಮನೆಯಲ್ಲಿ ಹೆಣ್ಣುಮಕ್ಕಳ ಪಾದ ಬೆಳೆಯದಂತೆ ಬಟ್ಟೆಯಲ್ಲಿ ಬಿಗಿದು ಕಟ್ಟಿ ಕೂರಿಸಿದರೆ ಸೌದೆ ಹೊರುವವರಾರು? ಹಾಗಾಗಿ ಅವಳದು ಕಟ್ಟದ ಪಾದ. ಮದುವೆಯ ಬಂಡಿಯಿಂದ ಅವಳು ಇಳಿದ ದಿನ ಊರ ಹೆಂಗಸರು ಮುಖ ನೋಡಲಿಲ್ಲ, ಕೆಳಗೇ ನೋಡಿದರು. "ಅಯ್ಯೋ, ಇವಳ ಚಪ್ಪಲೀಲಿ ನಮ್ಮನೆ ಕೋಳಿ ಕಾವಿಗೆ ಕೂರ್ಬೋದು ಕಣ್ರೇ" ಅಂದಿದ್ದಳು ಮಾವ್ಲಿನ್‌ನ ಹೆಂಡತಿ. ಚಿಂಗ್ಲಾನ್ ಅದಕ್ಕೆ, "ಕೂರಿಸಿ ಅಕ್ಕ, ಮೊಟ್ಟೆ ಇಬ್ಬರಿಗೂ ಅರ್ಧರ್ಧ" ಅಂದಳು. ಆ ಮಾತನ್ನು ಅಕ್ಕ ಮರೆಯಲಿಲ್ಲ.

ಮಕ್ಕಳಾಗಲಿಲ್ಲ. ಒಂದು ಬೇಸಿಗೆ ತಮ್ಮ ಹೊಟ್ಟೆಯ ಜ್ವರದಿಂದ ಹನ್ನೊಂದು ದಿನ ಮಲಗಿ ಸತ್ತ. ಕುಲದ ಹಿರಿಯರು ಪಿತೃಗಳನ್ನು ಪೂಜಿಸುವ ಮನೆಯಲ್ಲಿ ಸೇರಿ, ಚಹಾ ಕುಡಿದು, ಒಂದು ತೀರ್ಮಾನಕ್ಕೆ ಬಂದರು. ವಿಧವೆಗೆ ಮೂರು ಸುಗ್ಗಿಯ ಅವಕಾಶ. ಅಷ್ಟರೊಳಗೆ ಒಂದು ವರ್ಷವಾದರೂ ಅವಳ ಗೋಧಿ ಅಕ್ಕಪಕ್ಕದ ಹೊಲಗಳ ಸಮಕ್ಕೆ ಬಂದರೆ, ಬದುಕಿರುವ ತನಕ ಆ ಐದು ಮು ಅವಳದು. ಬಾರದಿದ್ದರೆ ಅವಳು ಬೇರೆ ಮನೆ ನೋಡಿಕೊಳ್ಳಬೇಕು, ಹೊಲ ಅಣ್ಣನಿಗೆ. ನ್ಯಾಯವಾದ ಮಾತು ಅಂದರು ಎಲ್ಲರೂ. ಮಾವ್ಲಿನ್ ಕಣ್ಣೊರೆಸಿಕೊಂಡು, "ತಮ್ಮನ ಹೆಂಡತಿಗೆ ನಾನಿದ್ದೀನಿ" ಅಂದ. ಸುಳ್ಳಲ್ಲ, ಇದ್ದ.

ತಮ್ಮನ ಜಾಗದಲ್ಲಿ ಮೂಗುದಾರ ಹಿಡಿಯಲು ಚಿಂಗ್ಲಾನ್ ಬಂದಳು. ಕೂರಿಗೆಯ ಹಿಡಿಯನ್ನು ಹೆಂಗಸು ಮುಟ್ಟಿದರೆ ಕಾಳು ಕುರುಡಾಗುತ್ತದೆಂದು ಊರಿನ ನಂಬಿಕೆ. ಎತ್ತಿನ ಮುಂದೆ ನಡೆದರೆ ಏನೂ ಆಗುವುದಿಲ್ಲ. ಹನ್ನೆರಡು ದಿನ ಊರಿಗೆಲ್ಲ ಎತ್ತು ನಡೆಸಿದರೆ ಅವಳ ಹೊಲಕ್ಕೂ ಕೂರಿಗೆ ಬರುತ್ತದೆ ಅನ್ನುವುದು ಮಾತು. ಅವಳ ಆ ದೊಡ್ಡ ಪಾದಗಳ ನಡೆ ಎಷ್ಟು ಸಮವೆಂದರೆ ಹಿಂದಿನಿಂದ ಬೀಜದ ಸದ್ದು ತಾಳ ತಪ್ಪುತ್ತಿರಲಿಲ್ಲ. ಸತ್ತ ತಮ್ಮನಿಗಿಂತ ಚೆನ್ನಾಗಿ ನಡೆಯುತ್ತಾಳೆಂದು ಮಾವ್ಲಿನ್‌ಗೆ ಮೊದಲ ದಿನವೇ ತಿಳಿಯಿತು. ಹೇಳಲಿಲ್ಲ. ಭಾವ ತಮ್ಮನ ಹೆಂಡತಿಯನ್ನು ನೇರ ನೋಡುವಂತಿಲ್ಲ, ನಗೆಚಾಟಿಕೆ ಮಾಡುವಂತಿಲ್ಲ. ಹಾಗಾಗಿ ಅವನು ಅವಳ ಬೆನ್ನು ನೋಡುತ್ತಿದ್ದ, ಅವಳು ದಾರಿ ನೋಡುತ್ತಿದ್ದಳು.

"ಭಾವ, ನಂದು ಯಾವತ್ತು?" ಎಂದು ಅವಳು ತಿರುಗದೆಯೇ ಕೇಳಿದ್ದು ಮೊದಲ ವರ್ಷದ ಐದನೇ ದಿನ.

"ಹೊರಗಿನವರದ್ದು ಮುಗೀಲಿ ಕಣಮ್ಮ. ಮನೆಯವರನ್ನ ಮುಂದೆ ಹಾಕ್ಕೊಂಡ್ರೆ ಊರು ಏನಂದೀತು?"

ಇದಕ್ಕೆ ಎದುರಾಡುವುದು ಹೇಗೆ? ನಂಟರನ್ನು ಕೊನೆಗಿಡುವುದು ಮರ್ಯಾದೆ. ಮಾವ್ಲಿನ್ ತನ್ನ ಎಂಟು ಮುವನ್ನೂ ಹತ್ತನೇ ದಿನಕ್ಕೆ ಇಟ್ಟುಕೊಂಡಿದ್ದ; ಅದು ಹದದ ಒಳಗೇ ಇತ್ತು ಅನ್ನುವುದನ್ನು ಯಾರೂ ಲೆಕ್ಕ ಹಾಕಲಿಲ್ಲ. ಅವಳದಕ್ಕೆ ಬರುವಷ್ಟರಲ್ಲಿ ಒಂದು ದಿನ ಎತ್ತಿಗೆ ಕಾಲುನೋವು, ಇನ್ನೊಂದು ದಿನ ಕೂರಿಗೆಯ ತಾಳು ಸಡಿಲ, ಮತ್ತೆರಡು ದಿನ ಜಡಿಮಳೆ. ಸಮಹಗಲಾಗಿ ಹದಿನೈದು ದಿನಕ್ಕೆ ಬರುವ ತಣ್ಣನೆ ಇಬ್ಬನಿಯ ದಿನವೂ ಕಳೆದು ಆರನೇ ಬೆಳಗ್ಗೆ ಅವಳ ಹೊಲಕ್ಕೆ ಬೀಜ ಬಿತ್ತು. ಆ ಚಳಿಗಾಲ ಊರಿನ ಹೊಲಗಳೆಲ್ಲ ಕಂಬಳಿ ಹೊದ್ದಂತೆ ಮಲಗಿದ್ದರೆ ಅವಳದು ಬೋಳುತಲೆಯ ಮೇಲೆ ನಾಲ್ಕು ಕೂದಲು ಬಾಚಿದಂತಿತ್ತು. ಸುಗ್ಗಿಗೆ ಅರ್ಧ ಬೆಳೆ. ಎರಡನೇ ವರ್ಷ ಇನ್ನೂ ಐದು ದಿನ ತಡ. ಬೆಳೆ ಮೂರರಲ್ಲಿ ಒಂದು ಪಾಲೂ ಇಲ್ಲ. ಅವಳು ಜೋಳದ ಹೊಟ್ಟು, ಎಲ್ಮ್ ಮರದ ಎಲೆ, ನವಣೆಯ ತಿಳಿಗಂಜಿ ತಿಂದು ದಿನ ದೂಡಿದಳು. ಬೆನ್ನು ಕಿರಿದಾಯಿತು. ನಡೆ ಮಾತ್ರ ಹಾಗೇ ಇತ್ತು.

ಅವಳೇನೂ ಸುಮ್ಮನೆ ಕೂತಿರಲಿಲ್ಲ. ನದಿಯಾಚೆ ಊರಿನ ಕೂರಿಗೆಯವನ ಹತ್ತಿರ ಹೋಗಿ ಕೇಳಿದ್ದಳು. ಅವನು, "ಮಾವ್ಲಿನ್ ಊರಿಗೆ ನಾನು ಕೂರಿಗೆ ಹಾಕಿದ್ರೆ ನಾಳೆ ಅವನು ನನ್ನೂರಿಗೆ ಹಾಕ್ತಾನೆ. ಹೋಗಮ್ಮ, ನೀರು ಕುಡ್ಕೊಂಡು ಹೋಗು" ಎಂದು ಕಳಿಸಿದ. ನೀರು ಕೊಟ್ಟನಂತೆ, ಅದೊಂದು ನಿಜ.

ಮೂರನೇ ವರ್ಷ, ಏಳನೇ ತಿಂಗಳ ಕೊನೆ. ಬಾವಿಯ ಹತ್ತಿರ ಐದಾರು ಮಂದಿ ನೀರಿಗೆ ನಿಂತಿದ್ದರು. ಎಪ್ಪತ್ತು ದಾಟಿದ ಲುವಾನಜ್ಜ ಹಗ್ಗ ಸುತ್ತುತ್ತಿದ್ದ. ಆ ಮುದುಕನ ಹೊಲ ಚಿಂಗ್ಲಾನಳ ಹೊಲದ ಪಕ್ಕದ್ದೇ, ಬೇಸಾಯ ಅವನಿಗೆ ಮಾವ್ಲಿನ್‌ಗಿಂತ ಚೆನ್ನಾಗಿ ಗೊತ್ತು. ಚಿಂಗ್ಲಾನ್ ಕೊಡ ಕೆಳಗಿಟ್ಟು ಎಲ್ಲರಿಗೂ ಕೇಳಿಸುವಂತೆ ಮಾತೆತ್ತಿದಳು.

"ಭಾವ, ಈ ವರ್ಷ ನಂದು ಮೊದಲು ಬಿತ್ತಿಕೊಡಿ."

ಮಾವ್ಲಿನ್ ತನ್ನ ಕೊಡವನ್ನೇ ನೋಡುತ್ತ, "ಮೊದಲು ಅಂದ್ರೆ?" ಅಂದ.

"ಬಿಳಿ ಇಬ್ಬನಿಯ ದಿನ. ಸಮಹಗಲಿಗೆ ಇನ್ನೂ ಹದಿನೈದು ದಿನ ಇರತ್ತೆ. ಆಗ ನಿಮ್ಮ ಕೂರಿಗೆ ಗೋಡೆಗೆ ಒರಗಿರತ್ತೆ, ಎತ್ತು ಸುಮ್ನೆ ಮೆಲುಕು ಹಾಕ್ತಿರತ್ತೆ. ಯಾರ ಸರದೀನೂ ಕೆಡಲ್ಲ. ಆಮೇಲೆ ಊರಿಗೆಲ್ಲ ನಾನೇ ಎತ್ತು ನಡೆಸ್ತೀನಿ, ಯಾವಾಗಿನ ಹಾಗೆ."

"ಬಿಳಿ ಇಬ್ಬನಿಗಾ?"

"ನಮ್ಮಪ್ಪ ನಲವತ್ತು ವರ್ಷ ಬಿಳಿ ಇಬ್ಬನಿಗೇ ಬಿತ್ತಿದ್ದು ಭಾವ. ಒಂದು ವರ್ಷನೂ ಚಳಿಗೆ ಗೋಧಿ ಸತ್ತಿದ್ದು ನಾನು ನೋಡಿಲ್ಲ. ನೀವೆಲ್ಲ ಇಲ್ಲಿ ಯಾಕಷ್ಟು ಕಾಯ್ತೀರೋ ನನಗಂತೂ ತಿಳೀದು."

ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಗುಡ್ಡದಲ್ಲಿ ಒಂಬತ್ತನೇ ತಿಂಗಳಿಗೇ ಚಳಿ ಬಂದು ಪೈರನ್ನು ಬೆನ್ನು ತಟ್ಟಿ ಮಲಗಿಸುತ್ತದೆ. ಅಲ್ಲಿ ಬೇಗ ಬಿತ್ತದಿದ್ದರೆ ಅದಕ್ಕೆ ಬೇರೂರಲು ಹೊತ್ತೇ ಸಿಗದು. ಇಲ್ಲಿ ಬಯಲಿನಲ್ಲಿ ಹತ್ತನೇ ತಿಂಗಳ ತನಕ ಬಿಸಿಲು ಬಿಡುವುದಿಲ್ಲ. ಗುಡ್ಡದ ದಿನ ಗುಡ್ಡಕ್ಕೆ, ಬಯಲಿನ ದಿನ ಬಯಲಿಗೆ. ಮದುವೆಯಾಗಿ ಬಂದ ಹೆಣ್ಣಿಗೆ ಇಲ್ಲಿನ ಉಪ್ಪು, ಇಲ್ಲಿನ ನಂಟರು, ಇಲ್ಲಿನ ಬೈಗುಳ ಎಲ್ಲವನ್ನೂ ಕಲಿಸಿದ ಊರು ಇದೊಂದನ್ನು ಕಲಿಸಿರಲಿಲ್ಲ, ಯಾಕೆಂದರೆ ಬಿತ್ತುವ ದಿನ ಗೊತ್ತುಮಾಡುವುದು ಗಂಡಸರ ಕೆಲಸ.

ಲುವಾನಜ್ಜ ಹಗ್ಗ ಬಿಟ್ಟ. "ಅಲ್ಲಮ್ಮ, ಅದು ಗುಡ್ಡ, ಇದು..."

"ಅಜ್ಜಾ," ಅಂದ ಮಾವ್ಲಿನ್, ಮೆಲ್ಲಗೆ, ನಗುತ್ತ. "ನಿಮ್ಮ ಹೊಲದ ಸರದಿ ಈ ವರ್ಷ ಮೂರನೇ ದಿನಕ್ಕೆ ಇಟ್ಟಿದ್ದೀನಿ. ಸಾಕಲ್ವಾ?"

ಮುದುಕ ಬಾಯಿ ತೆರೆದವನು ಆಕಳಿಸಿದವನಂತೆ ಮುಚ್ಚಿದ. "ಸಾಕಪ್ಪ. ಧಾರಾಳ" ಅಂದ. ಹಗ್ಗದ ಸಿಕ್ಕು ಬಿಡಿಸುವುದು ಅವನಿಗೆ ಇದ್ದಕ್ಕಿದ್ದಂತೆ ಬಹಳ ತುರ್ತಿನ ಕೆಲಸವಾಯಿತು.

"ಎಲ್ಲರೂ ಕೇಳಿಸ್ಕೊಂಡ್ರಲ್ಲ?" ಮಾವ್ಲಿನ್ ದನಿ ಎತ್ತಿದ. "ನಾನು ಹೇಳಿದ್ದಲ್ಲ, ಅವಳೇ ಕೇಳಿದ್ದು. ತಮ್ಮನ ಹೆಂಡತಿ ಬಾಯಿಬಿಟ್ಟು ಕೇಳಿದ್ಮೇಲೆ ಇಲ್ಲ ಅನ್ನೋಕಾಗತ್ತಾ? ಬಿಳಿ ಇಬ್ಬನಿಗೇ ಬಿತ್ತೋಣ."

ನಾಲ್ಕು ಮಂದಿಗೆ ಬಿಳಿ ಇಬ್ಬನಿಯ ಬಿತ್ತನೆ ಏನಾಗುತ್ತದೆಂದು ಗೊತ್ತಿತ್ತು. ನಾಲ್ವರೂ ಕೂರಿಗೆಯ ಸರದಿಯಲ್ಲಿದ್ದರು. ಒಬ್ಬಳು, "ಎಂಥ ಒಳ್ಳೆ ಭಾವ ಸಿಕ್ಕಿದ್ದಾನೆ ನಿಂಗೆ" ಎಂದಳು. ಚಿಂಗ್ಲಾನ್ ಎಲ್ಲರೆದುರು ಅವನಿಗೆ ಬಾಗಿ ನಮಸ್ಕರಿಸಿದಳು.

ಆ ದಿನದ ಬಿತ್ತನೆಯ ಬಗ್ಗೆ ಹೇಳಲೇಬೇಕು. ನಲವತ್ತು ವರ್ಷದ ಕಸುಬಿನಲ್ಲಿ ಮಾವ್ಲಿನ್ ಅಷ್ಟು ಚೆನ್ನಾಗಿ ಯಾರಿಗೂ ಬಿತ್ತಿರಲಿಲ್ಲ. ಬೀಜವನ್ನು ತಾನೇ ಕೇರಿ, ಜೊಳ್ಳು ತೆಗೆದ. ಹಿಂದಿನ ದಿನ ಮಳೆ ಬಂದು ನೆಲ ಹದವಾಗಿ, ಕೈಯಲ್ಲಿ ಹಿಡಿದರೆ ಉಂಡೆಯಾಗಿ, ಬಿಟ್ಟರೆ ಪುಡಿಯಾಗುತ್ತಿತ್ತು. ಮುಂದೆ ಅವಳ ಹೆಜ್ಜೆ, ಹಿಂದೆ ಅವನ ಕೈ. ಸಾಲುಗಳು ನೂಲು ಹಿಡಿದು ಎಳೆದಂತೆ ಬಂದವು. ಒಂದು ಕಾಳು ಮೇಲಿಲ್ಲ, ಒಂದು ಆಳಕ್ಕಿಲ್ಲ. ತನ್ನ ಬಲಗಿವಿಗೆ ಬೀಳುತ್ತಿದ್ದ ಸದ್ದಿಗೆ ಅವನಿಗೇ ಖುಷಿಯಾಯಿತು. ಕೊಲ್ಲುವುದಕ್ಕೆ ದಿನವೇ ಸಾಕಾಗಿರುವಾಗ ಕೈ ಯಾಕೆ ಕೆಡಿಸಿಕೊಳ್ಳಬೇಕು? ಬಿತ್ತನೆ ಮುಗಿದ ಮೇಲೆ ಅವಳು ತನ್ನ ಹಿಟ್ಟಿನ ಕೊನೆಯ ಹಿಡಿಯಿಂದ ಅವನಿಗೆ ಬಿಸಿಬಿಸಿ ಶಾವಿಗೆ ಮಾಡಿ, ಮೇಲೆ ಒಂದು ಮೊಟ್ಟೆ ಒಡೆದು ಹಾಕಿ ಕೊಟ್ಟಳು. ಅವನು ಎರಡು ಸಲ ಹಾಕಿಸಿಕೊಂಡ.

ಒಂಬತ್ತನೇ ತಿಂಗಳಲ್ಲಿ ಊರಿನ ಹೊಲಗಳಲ್ಲಿ ಗೋಧಿ ಆಗ ತಾನೇ ಮಣ್ಣು ಬಿಟ್ಟು ಇಣುಕುತ್ತಿದ್ದರೆ ಚಿಂಗ್ಲಾನಳ ಐದು ಮು ಮೊಣಕಾಲಿಗೆ ಬರುತ್ತಿತ್ತು. ಕಪ್ಪು ಹಸಿರು. ಗಾಳಿಗೆ ಅಲೆ ಏಳುತ್ತಿತ್ತು. ದಾರಿಹೋಕರು ಬಂಡಿ ನಿಲ್ಲಿಸಿ ನೋಡುತ್ತಿದ್ದರು. ಅವಳು ಬದುವಿನ ಮೇಲೆ ಕೂತು ಚಪ್ಪಲಿಗೆ ಅಟ್ಟೆ ಹೊಲಿಯುತ್ತ, ಹೋಗುವವರಿಗೆಲ್ಲ ಒಂದೊಂದು ಮಾತು ಎಸೆಯುತ್ತಿದ್ದಳು.

"ಏನಕ್ಕ, ನಿಮ್ಮ ಗೋಧಿ ಇನ್ನೂ ತೊಟ್ಟಿಲಲ್ಲೇ ಇದ್ಯಾ?" ಎಂದು ಮಾವ್ಲಿನ್‌ನ ಹೆಂಡತಿಯನ್ನೂ ಕೇಳಿದಳು. "ನಂದು ಆಗ್ಲೇ ಹೆಣ್ಣು ನೋಡೋಕೆ ಹೊರಟಿದೆ."

ಅಕ್ಕ ಮನೆಗೆ ಬಂದು ಬಾಣಲೆ ಕುಕ್ಕಿದಳು. "ನಿಮ್ಮ ಕೈಯ ಚಳಕ ಸಾಕಪ್ಪ ಸಾಕು! ಅವಳ ಹೊಲ ನೋಡಿದ್ರೆ ಕಾಡು. ಈ ವರ್ಷ ಅವಳೇ ಗೆದ್ದಳು ಅಂತ ಇಟ್ಕೊಳ್ಳಿ. ನಾನು ಸಾಯೋವರೆಗೂ ಆ ಬದು ಬಳಸ್ಕೊಂಡೇ ನೀರು ಹೊರ್ಬೇಕು."

ಮಾವ್ಲಿನ್ ಹಲ್ಲಿನಿಂದ ಎಲಚಿಹಣ್ಣಿನ ಬೀಜ ಬಿಡಿಸುತ್ತ, "ಇನ್ನೂ ಎಷ್ಟೆತ್ತರ ಬೆಳೀಬೇಕೋ ಬೆಳೀಲಿ ಬಿಡು" ಅಂದ.

ಹೆಂಡತಿ ಅವನ ಮುಖ ನೋಡಿದಳು. ಬಯಲಿನ ಹಳ್ಳಿಯಲ್ಲೇ ಹುಟ್ಟಿದ ಹೆಣ್ಣು. ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಆ ಸಂಜೆ ಗಂಡನಿಗೆ ಇನ್ನೊಂದು ಸೌಟು ಗಂಜಿ ಕೇಳದೆಯೇ ಬಂತು.

ಹತ್ತನೇ ತಿಂಗಳ ಮೊದಲ ವಾರ ಲುವಾನಜ್ಜ ಚಿಂಗ್ಲಾನಳ ಹೊಲದ ಬದುವಿಗೆ ಬಂದ. ಅವನ ಗೋಧಿ ಮೂರನೇ ದಿನದ ಸರದಿಯಲ್ಲಿ ಬಿದ್ದು, ಚೆನ್ನಾಗಿ ಹುಟ್ಟಿ, ಎರಡು ತೆಂಡೆ ಒಡೆದಿತ್ತು. ಈಗ ಅವನಿಗೆ ಮನಸ್ಸಾಕ್ಷಿ ಇಟ್ಟುಕೊಳ್ಳುವ ಅನುಕೂಲವಿತ್ತು. ಅತ್ತಿತ್ತ ನೋಡಿ, ಒಂದು ಪೈರು ಕಿತ್ತು, ಬುಡದ ಹತ್ತಿರ ಉಗುರಿನಿಂದ ಸೀಳಿ ತೋರಿಸಿದ.

"ನೋಡಮ್ಮ. ಗಣ್ಣು ಕಟ್ತಾ ಇದೆ. ಚಳಿಗೆ ಮುಂಚೆ ಗಣ್ಣು ಕಟ್ಬಾರ್ದು. ಇವತ್ತೇ ಕುರಿ ನುಗ್ಗಿಸಿ ಮೇಯಿಸು. ಆಮೇಲೆ ಕಣದ ರೋಣಗಲ್ಲು ತಂದು ಎರಡು ಸಲ ಉರುಳಿಸು. ತುಳಿದು ಮಲಗಿಸಿದ್ರೆ ಅರ್ಧ ಆದ್ರೂ ಉಳ್ಕೊಳತ್ತೆ."

"ಏನಜ್ಜ, ಹುಚ್ಚಾ ನಿಮಗೆ? ಇಡೀ ಊರಲ್ಲಿ ಚೆನ್ನಾಗಿರೋದು ಇದೊಂದೇ, ಇದರ ಮೇಲೆ ಕಲ್ಲು ಉರುಳಿಸ್ಲಾ?"

"ನಾನು ಹೇಳ್ದೆ ಅಂತ ಮಾತ್ರ ಯಾರಿಗೂ ಹೇಳ್ಬೇಡ" ಎಂದು ಮುದುಕ ಹೊರಟುಹೋದ. ಹೊಲ ದಾಟುವವರೆಗೆ ಓಡಿದ ಅಂತಲೇ ಹೇಳಬೇಕು.

ಅವಳು ಆ ಪೈರನ್ನು ಹಿಡಿದು ನೇರ ಮಾವ್ಲಿನ್‌ನ ಅಂಗಳಕ್ಕೆ ಬಂದಳು. ಅವನು ಕೂರಿಗೆಯ ತಾಳುಗಳಿಗೆ ಎಣ್ಣೆ ಹಚ್ಚಿ, ಬಟ್ಟೆ ಸುತ್ತಿ, ಮುಂದಿನ ವರ್ಷಕ್ಕೆ ಎತ್ತಿಡುತ್ತಿದ್ದ. ಅವಳು ಬಾಗಿಲ ಹೊರಗೇ ನಿಂತಳು.

"ಭಾವ, ಗೋಧಿ ಗಣ್ಣು ಕಟ್ತಿದೆಯಂತೆ. ಕುರಿ ಮೇಯಿಸಿ ಕಲ್ಲು ಉರುಳಿಸ್ಬೇಕಂತೆ. ಹೌದಾ?"

ಮಾವ್ಲಿನ್‌ನ ಕೈ ಬಟ್ಟೆಯ ಮೇಲೆ ನಿಂತಿತು. ಒಂದು ಮಾತು ಸಾಕಿತ್ತು. ಹೂಂ ಅಂದಿದ್ದರೆ ಸಾಕು. ಊರಿನಲ್ಲಿ ಎರಡು ಕುರಿಮಂದೆಗಳಿದ್ದವು, ಕಣದಲ್ಲಿ ರೋಣಗಲ್ಲು ಕೆಲಸವಿಲ್ಲದೆ ಬಿದ್ದಿತ್ತು. ಮೇಯಿಸಿ ತುಳಿಸಿದರೆ ಪೈರು ತನ್ನ ಹುಚ್ಚು ಬಿಟ್ಟು ಬೇರಿನ ಕಡೆ ತಿರುಗುತ್ತದೆ. ಅರ್ಧವೇನು, ಮುಕ್ಕಾಲೂ ಉಳಿಯಬಹುದಿತ್ತು. ಮುಕ್ಕಾಲು ಉಳಿದರೆ ಊರಿನ ಸಮ. ಸಮ ಬಂದರೆ ಐದು ಮು ಅವಳದು.

"ಯಾರು ಹೇಳಿದ್ದು?" ಅಂದ.

"ಯಾರೋ."

"ನಿಮ್ಮಪ್ಪ ಉರುಳಿಸ್ತಿದ್ರಾ?"

"ಇಲ್ಲ. ನಮ್ಮಲ್ಲಿ ಇಷ್ಟು ಬೆಳೀತಾನೇ ಇರ್ಲಿಲ್ಲ."

"ಹಂಗಾದ್ರೆ ನಿಮ್ಮಪ್ಪನಿಗೂ ಸಿಗದೇ ಇದ್ದದ್ದು ನಿನಗೆ ಸಿಕ್ಕಿದೆ." ಅವನು ಮತ್ತೆ ಬಟ್ಟೆ ಸುತ್ತತೊಡಗಿದ. "ಹಸಿರು ನಿಂದು, ಕುರಿ ಊರಿನವರದ್ದು. ನಿನ್ನ ಹೊಲದಲ್ಲಿ ಪುಕ್ಕಟೆ ಮೇವು ಯಾರಿಗೆ ಬೇಡ? ನಾನಂತೂ ಮೇಯಿಸು ಅಂತನೂ ಹೇಳಲ್ಲ, ಬೇಡ ಅಂತನೂ ಹೇಳಲ್ಲ. ದಿನ ಹೇಳಿದ್ದು ನೀನು."

ಅವಳು ಪೈರನ್ನು ಬೆರಳಲ್ಲಿ ತಿರುಗಿಸಿ ನೋಡಿದಳು. ಲುವಾನಜ್ಜನಿಗೆ ಎರಡು ಕುರಿಗಳಿದ್ದವು ಅನ್ನುವುದು ಅವಳಿಗೆ ನೆನಪಾಗಿರಬೇಕು. "ನಾನೂ ಹಂಗೇ ಅಂದ್ಕೊಂಡೆ" ಎಂದು ಹೋದಳು. ಒಳಗಿನಿಂದ ಹೆಂಡತಿ, "ಸುಳ್ಳು ಹೇಳ್ಲಿಲ್ಲ ಅಲ್ವಾ?" ಎಂದಳು. "ಒಂದೂ ಹೇಳ್ಲಿಲ್ಲ" ಅಂದ ಮಾವ್ಲಿನ್.

ಚಳಿ ಹನ್ನೊಂದನೇ ತಿಂಗಳ ಎಂಟರಂದು ಬಂತು. ಹಿಂದಿನ ದಿನದವರೆಗೆ ಜನ ಹತ್ತಿ ಅಂಗಿಯ ಗುಂಡಿ ಬಿಚ್ಚಿಕೊಂಡು ಓಡಾಡುತ್ತಿದ್ದರು. ಉತ್ತರದ ಗಾಳಿ ಮೂರು ದಿನ ಬೀಸಿತು, ಬಾವಿಯ ಬಾಯಿಗೆ ಮಂಜುಗಡ್ಡೆಯ ಮೀಸೆ ಬಂತು. ನಾಲ್ಕನೇ ದಿನ ಬಿಸಿಲು ಬಿದ್ದಾಗ ಚಿಂಗ್ಲಾನಳ ಹೊಲ ಯಾರೋ ಬಿಸಿನೀರು ಸುರಿದಂತಿತ್ತು. ಮೊಣಕಾಲೆತ್ತರದ ಪೈರು ಬೇಯಿಸಿದ ಸೊಪ್ಪಿನ ಹಾಗೆ ಕಪ್ಪಾಗಿ ಒಂದರ ಮೇಲೊಂದು ಬಿದ್ದಿತ್ತು. ಪಕ್ಕದಲ್ಲೇ ಲುವಾನಜ್ಜನ ಗೋಧಿ ತುದಿ ಸುಟ್ಟುಕೊಂಡು, ಬುಡ ಹಸಿರಾಗಿ, ನೆಲಕ್ಕೆ ಒತ್ತಿಕೊಂಡು ಮಲಗಿತ್ತು.

ಅವಳು ಒಪ್ಪಲಿಲ್ಲ. ಮೇಲೆ ಸತ್ತರೂ ಒಳಗೆ ಇರುತ್ತದೆ ಅಂದಳು. ಜೋಳದ ದಂಟು, ಒಣಹುಲ್ಲು, ತನ್ನ ಹಾಸಿಗೆಯ ಚಾಪೆ ಕೂಡ ತಂದು ಹೊಲಕ್ಕೆ ಹೊದಿಸಿದಳು. ಮಲಗುವ ಮಣ್ಣಿನ ಜಗಲಿಯನ್ನು ಅಡಿಯಿಂದ ಬಿಸಿ ಮಾಡಲು ಇಟ್ಟಿದ್ದ ಉರುವಲೆಲ್ಲ ಹೊಲದ ಮೇಲೆ ಹೋಯಿತು. ಆ ಚಳಿಗಾಲ ಅವಳು ತಣ್ಣನೆ ಜಗಲಿಯ ಮೇಲೆ ಮಲಗಿದಳು. ಊರು ದಿನಾ ನೋಡಿಕೊಂಡು ಹೋಯಿತು. "ಹೆಣಕ್ಕೆ ಕಂಬಳಿ ಹೊದಿಸ್ತಿದ್ದಾಳೆ" ಎಂದು ಯಾರೋ ಅಂದದ್ದಕ್ಕೆ ಎಲ್ಲರೂ ನಕ್ಕರು. ಮೊದಲು ಅಂದವರು ಯಾರೆಂದು ಆಮೇಲೆ ಯಾರೂ ಒಪ್ಪಿಕೊಳ್ಳಲಿಲ್ಲ.

ಎರಡನೇ ತಿಂಗಳಲ್ಲಿ ನೆಲ ಸಡಿಲವಾಯಿತು. ಕುಲದ ಯಜಮಾನ ಇನ್ನಿಬ್ಬರು ಹಿರಿಯರೊಂದಿಗೆ ಬಂದ. ಹುಲ್ಲು ಸರಿಸಿ, ಹತ್ತು ಕಡೆ ಬುಡ ಕಿತ್ತು ನೋಡಿದರು. ಬದುಕಿದ ಬುಡ ಬಿಳಿಯಾಗಿ ಗಟ್ಟಿಯಾಗಿರುತ್ತದೆ. ಒಂಬತ್ತು ಕಡೆ ಬೆರಳಿಗೆ ಕಂದು ಲೋಳೆ ಅಂಟಿತು. ಹತ್ತನೆಯದು ಬದುವಿನ ನೆರಳಿನಲ್ಲಿತ್ತು, ಬಿಳಿಯಾಗಿತ್ತು. ಚಿಂಗ್ಲಾನ್ ಅದನ್ನು ಯಜಮಾನನ ಕೈಯಿಂದ ತೆಗೆದುಕೊಂಡು ಮತ್ತೆ ಮಣ್ಣಿಗೆ ನೆಟ್ಟಳು. ಯಜಮಾನ ಗಂಟಲು ಸರಿಮಾಡಿಕೊಂಡು, "ಅವಕಾಶ ಕೊಟ್ಟಿದ್ವಿ ಕಣಮ್ಮ. ನೀನು ಕೇಳಿದ ದಿನವೇ ಬಿತ್ತಿಸಿದ್ದೂ ಆಯ್ತು" ಅಂದ.

ಸಂಬಂಧ ಹುಡುಕಿದ್ದು ಮಾವ್ಲಿನ್‌ನ ಹೆಂಡತಿ. ನದಿಯಾಚೆ ಸುಣ್ಣದ ಗೂಡು ಇಟ್ಟುಕೊಂಡ ವಿಧುರ, ಐದು ಮಕ್ಕಳು, ಒಂದು ಕಣ್ಣು ಸುಣ್ಣದಿಂದ ಹೋಗಿದೆ. "ಇನ್ನೊಂದು ಚೆನ್ನಾಗೇ ಇದೆ" ಅಂದಳು ಅಕ್ಕ. "ನಿನ್ನ ಪಾದ ಅವನಿಗೆ ಅಡ್ಡಿಯಿಲ್ವಂತೆ. ಗೂಡಿಗೆ ಕಲ್ಲು ಹೊರೋಕೆ ಅಂಥದ್ದೇ ಬೇಕಂತೆ."

ಹೊರಡುವ ದಿನ ಬೆಳಗ್ಗೆ ಕತ್ತೆಗಾಡಿ ಬಾವಿಯ ಹತ್ತಿರ ನಿಂತಿತ್ತು. ಚಿಂಗ್ಲಾನ್ ಒಂದು ಗಂಟು ಹಿಡಿದುಕೊಂಡು ಹೊಲದ ಬದುವಿಗೆ ಬಂದಳು. ಮಾವ್ಲಿನ್ ಆಗಲೇ ಅಲ್ಲಿದ್ದ, ಸತ್ತ ಪೈರನ್ನು ಉತ್ತು ನವಣೆ ಹಾಕಲು ನೆಲದ ಹದ ನೋಡುತ್ತಿದ್ದ. ಅವಳು ಎದುರಿಗೆ ಬಂದು ನಿಂತಳು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಅವನ ಮುಖವನ್ನು ನೇರ ನೋಡಿದಳು. ಅವನಿಗೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ.

"ನಿಮಗೆ ಗೊತ್ತಿತ್ತು" ಅಂದಳು.

"ನೀನು ಕೇಳಿದ ದಿನ ಬಿತ್ತಿದೆ. ಒಂದು ದಿನ ಹಿಂದಿಲ್ಲ, ಒಂದು ದಿನ ಮುಂದಿಲ್ಲ."

"ಹೂಂ. ಎಷ್ಟು ಚೆನ್ನಾಗಿ ಬಿತ್ತಿದ್ರಿ! ನನ್ನ ಹೊಲಕ್ಕೆ ನೀವು ಯಾವತ್ತೂ ಅಷ್ಟು ಚೆನ್ನಾಗಿ ಬಿತ್ತಿರ್ಲಿಲ್ಲ ಭಾವ. ನಾನು ಅವತ್ತೇ ತಿಳ್ಕೋಬೇಕಿತ್ತು."

ಗಾಡಿಯವನು ಕೂಗಿದ. ಅವಳು ತಿರುಗಿ ನಡೆದಳು. ಅದೇ ಸಮನಾದ ನಡೆ. ಗಾಡಿ ತಿರುವು ದಾಟಿತು. ಆಮೇಲೆ ಮಾವ್ಲಿನ್ ಬಾವಿಗೆ ನೇರ ದಾರಿಯಲ್ಲಿ ನಡೆದು ನೋಡಿದ. ಎಪ್ಪತ್ತಾರು ಹೆಜ್ಜೆ.

ಊರು ಒಂದು ಬೇಸಿಗೆಯೆಲ್ಲ ಮಾತಾಡಿತು. ಲುವಾನಜ್ಜನ ಬಾಯಿಂದಲೋ ಬೇರೆಯವರಿಂದಲೋ, ಕಲ್ಲು ಉರುಳಿಸುವ ವಿಷಯ ಎಲ್ಲರಿಗೂ ತಿಳಿಯಿತು. ಎಂಥ ಮನುಷ್ಯ ಅಂದರು, ಸ್ವಂತ ತಮ್ಮನ ಹೆಂಡತಿ ಅಂದರು. ಮಾವ್ಲಿನ್ ದಾರಿಯಲ್ಲಿ ಸಿಕ್ಕರೆ ಮಾತು ನಿಲ್ಲಿಸುತ್ತಿದ್ದರು. ಅವನು ಊರು ತನ್ನನ್ನು ಬಿಟ್ಟೇಬಿಡುತ್ತದೆಂದು ಅಂದುಕೊಂಡು, ಕೂರಿಗೆಯನ್ನು ಮಾರಿಬಿಡುವ ಯೋಚನೆಯನ್ನೂ ಒಂದೆರಡು ದಿನ ಮಾಡಿದ.

ಏಳನೇ ತಿಂಗಳು ಕಳೆಯಿತು. ಎಂಟನೆಯದು ಬಂತು. ಮೊದಲು ಬಂದವನು ಲುವಾನಜ್ಜ, ಒಂದು ಬುಟ್ಟಿ ಮೊಟ್ಟೆ ಹಿಡಿದುಕೊಂಡು. ಅವನ ಹಿಂದೆ ಇನ್ನೊಬ್ಬ, ಕೊಂದು ಪುಕ್ಕ ಕಿತ್ತ ಬಾತುಕೋಳಿಯೊಂದಿಗೆ. ಮಧ್ಯಾಹ್ನದ ಹೊತ್ತಿಗೆ ಅಂಗಳದಲ್ಲಿ ಹದಿನಾಲ್ಕು ಮಂದಿ. ಹಿಂದೆಲ್ಲ ಎರಡು ಎಲಚಿಹಣ್ಣು ತಂದು ಎಂಟು ಮಾತು ಆಡುತ್ತಿದ್ದವರು ಈಗ ತುಂಬಿದ ಕೈಯಲ್ಲಿ ಬಂದು ಬಾಯಿ ಬಿಗಿ ಹಿಡಿದು ನಿಂತಿದ್ದರು. ಈ ಮನುಷ್ಯ ಒಂದು ದಿನವನ್ನು ಹಿಡಿದು ಏನು ಮಾಡಬಲ್ಲ ಅನ್ನುವುದು ಮೊದಲು ಊಹೆಯಾಗಿತ್ತು, ಈಗ ಕಣ್ಣಾರೆ ಕಂಡಿದ್ದರು. ಮಾವ್ಲಿನ್‌ಗೆ ಇದು ಅರ್ಥವಾಗಲು ಒಂದು ಬಟ್ಟಲು ಚಹಾ ಕುಡಿಯುವಷ್ಟು ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವನು ಇನ್ನೊಂದು ಬಟ್ಟಲು ತರಿಸಿಕೊಂಡ.

"ನಮ್ಮದು ಈ ವರ್ಷ ಯಾವತ್ತಪ್ಪ?" ಅಂದ ಲುವಾನಜ್ಜ. ತಲೆ ಸ್ವಲ್ಪ ಅಲುಗುತ್ತಿತ್ತು, ವಯಸ್ಸಿಗೆ.

ಮಾವ್ಲಿನ್ ಮುದುಕನನ್ನು ಮೇಲಿಂದ ಕೆಳಗೆ ನೋಡಿದ.

"ಅಜ್ಜಾ, ನಿಮ್ಮದು ಬಿಳಿ ಇಬ್ಬನಿಗೇ ಬಿತ್ತಿಬಿಡೋಣ್ವಾ?"

ಅಂಗಳದವರೆಲ್ಲ ಮುದುಕನ ಕಡೆ ತಿರುಗಿದರು. ಆಮೇಲೆ ಲುವಾನಜ್ಜ ನಕ್ಕ. ಹಲ್ಲಿಲ್ಲದ ಬಾಯಿ ಅಗಲಿಸಿ, ತೊಡೆ ತಟ್ಟಿಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕ. ಅವನು ನಕ್ಕದ್ದು ನೋಡಿ ಮಿಕ್ಕ ಹದಿಮೂರು ಮಂದಿಯೂ ನಕ್ಕರು. ನಗು ನಿಂತು, ಎಲ್ಲರೂ ಕಾದರು. ಮಾವ್ಲಿನ್ ಇನ್ನೂ ದಿನ ಹೇಳಿರಲಿಲ್ಲ.